ದೊಡ್ಡ ಹಳೇ ಕಾರು ಇಟ್ಟವರು ಹೇಳಿ, ಜನ ಏನಂತಾರೆ?

'ಸೇಡಂ ರಸ್ತೆ' ಹೆಸರಿನವರು ಕೇಳಿದ್ದು:

ಕಲಬುರಗಿಯಲ್ಲಿ ಬ್ಯಾಂಕ್ ನೌಕರಿ ನನ್ನದು. ಶಹಾಬಾದ್‌ನಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಹತ್ತಿರ 1993ರ ಕಾಂಟೆಸ್ಸಾ ಕ್ಲಾಸಿಕ್ ಇದೆ. ಬಿಳಿ ಬಣ್ಣ, 1.8 ಇಸುಜು ಪೆಟ್ರೋಲ್, ಒಬ್ಬರದೇ ಕೈ. ನೋಡಿ ಬಂದೆ, ಮನಸ್ಸು ಅಲ್ಲೇ ಉಳಿಯಿತು. ಎಂಜಿನ್, ತುಕ್ಕು, ಕಾಗದಪತ್ರ ಎಲ್ಲಾ ನೋಡಿಕೊಂಡಿದ್ದೇನೆ, ಅದನ್ನು ಕೇಳುತ್ತಿಲ್ಲ. ಮನೆಯವರು ಬೇಡ ಅನ್ನುತ್ತಿಲ್ಲ, ಆದರೆ "ಮಂದಿ ಏನಂತಾರ" ಅಂತ ಒಂದೇ ಮಾತು. ನಮ್ಮದು ಬಾಡಿಗೆ ಮನೆ, ಗಲ್ಲಿ ಅಗಲ 14 ಅಡಿ, ಎದುರಿಗೇ ಮನೆ ಮಾಲೀಕರು. ಬ್ಯಾಂಕಿನಲ್ಲಿ ನಾನಿರುವುದು ಸಾಲದ ವಿಭಾಗ, ಹೀಗಾಗಿ ಅಲ್ಲೂ ಕಣ್ಣು ಬೀಳುತ್ತದೆ. ಇಂಥ ಕಾರು ಇಟ್ಟವರ ಜೊತೆ ನೆರೆಯವರು, ಆಫೀಸಿನವರು, ಬೀಗರು ಹೇಗೆ ನಡೆದುಕೊಂಡರು? ಅನುಭವ ಹೇಳಿ.

ಬ್ರಹ್ಮಪುರ 1817

ನನ್ನದೂ ಇದೇ ಗಾಡಿ, ಇದೇ 1817 ಸಿಸಿ. 1991ರದ್ದು, ಕಡು ನೀಲಿ. ಇದೇ ಊರು. ಕೇಳಿ.

ಮೊದಲು ಪೆಟ್ರೋಲ್ ಬಂಕ್. ಹುಡುಗ ಪೈಪ್ ಹಾಕುವ ಮೊದಲೇ "ಆವರೇಜ್ ಎಷ್ಟ್ ಕೊಡ್ತದ್ರಿ?" ಅಂತಾನೆ. ಊರೊಳಗೆ ಎಂಟು ಅಂದೆ. "ಹಂಗಾದ್ರ ಬಂಕೇ ಖರೀದಿ ಮಾಡ್ರಿ ಸಾಹೇಬ್ರ" ಅಂದ. ಎರಡನೆಯವರು "ಯಾವ ಪಾರ್ಟಿ?" ಅನ್ನುವವರು. ಈ ಗಾಡಿಯಿಂದ ಇಳಿದವನು ಕಾರ್ಪೊರೇಟರ್ ಇಲ್ಲವೇ ಬಡ್ಡಿ ವ್ಯವಹಾರದವನು ಇರಬೇಕು ಅಂತ ಜನ ಗಟ್ಟಿ ಮಾಡಿಕೊಂಡುಬಿಟ್ಟಿದ್ದಾರೆ. ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಬದನೆಕಾಯಿ ಕೂಡ ನನಗೆ ಐದು ರೂಪಾಯಿ ಜಾಸ್ತಿ. ಕಾರು ದೂರ ನಿಲ್ಲಿಸಿ ನಡೆದು ಹೋದರೆ ಸರಿಯಾದ ರೇಟು.

ಮೂರನೆಯವನು ಭಾಮೈದ. "ಇಷ್ಟ್ ರೊಕ್ಕದಾಗ ಒಂದ್ ಸ್ವಿಫ್ಟ್ ಬರ್ತಿತ್ತಲ್ಲ ಮಾವ." ಹಬ್ಬಕ್ಕೆ ಬಂದಾಗಲೆಲ್ಲ ಇದೇ ಮಾತು. ಅವನ ಸ್ವಿಫ್ಟ್ ಎಷ್ಟು ಸಲ ಸರ್ವಿಸ್‌ಗೆ ಹೋಗಿದೆ ಅಂತ ನಾನು ಒಮ್ಮೆಯೂ ಕೇಳಿಲ್ಲ.

ಈಗ ಖರ್ಚು. ಮೇ ತಿಂಗಳು, ಜೇವರ್ಗಿ ಕಡೆ ಹೊರಟಿದ್ದೆವು, 42 ಡಿಗ್ರಿ ಬಿಸಿಲು. ಎಂಜಿನ್ ಬಿಸಿ ತೋರಿಸುವ ಕಾಂಟಾ ಏರಿತು, ಎಂಜಿನ್‌ನ ಹೆಡ್ ಪ್ಯಾಕಿಂಗ್ ಹೋಯಿತು. ಲೇತ್‌ನಲ್ಲಿ ಹೆಡ್ ಫೇಸಿಂಗ್ 2,800. ಪ್ಯಾಕಿಂಗ್ ಸೆಟ್ ಚೆನ್ನೈ ಪುದುಪೇಟೆಯಿಂದ ತರಿಸಿದ್ದು 4,200, ಪಾರ್ಸೆಲ್ ಬೇರೆ. ರೇಡಿಯೇಟರ್ ಹೊಸ ಕೋರ್ 9,500. ಮಿಸ್ತ್ರಿ ಕೂಲಿ 6,000. ಜೇವರ್ಗಿಯಿಂದ ಎಳೆದು ತಂದ ಟ್ರ್ಯಾಕ್ಟರ್‌ಗೆ 2,500. ಆ ಟ್ರ್ಯಾಕ್ಟರ್ ಹಿಂದೆ ಹಗ್ಗ ಕಟ್ಟಿಸಿಕೊಂಡು ಊರೊಳಗೆ ಬರುವಾಗ ಎಷ್ಟು ಜನ ಫೋಟೋ ತೆಗೆದರು ಅಂತೀರಿ! ಅದರ ಮುಂದಿನ ವರ್ಷ ವಾಡಿ ರಸ್ತೆಯಲ್ಲಿ ಟಿಪ್ಪರ್‌ನಿಂದ ಕಲ್ಲು ಸಿಡಿದು ಮುಂದಿನ ಗಾಜು ಹೋಯಿತು. ಸಿಕಂದರಾಬಾದ್ ರಾಣಿಗಂಜ್‌ನಲ್ಲಿ ಇಲ್ಲ, ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ಇಲ್ಲ. ಮತ್ತೆ ಪುದುಪೇಟೆ, 14,000. ಬಂದದ್ದು ಒಡೆದು ಬಂತು. ಇನ್ನೊಂದು ತರಿಸಿದೆ. ವಿಮೆ ಬರೀ ಥರ್ಡ್ ಪಾರ್ಟಿ, ಒಂದು ಪೈಸೆ ಬರಲಿಲ್ಲ.

ಗಾಜು ಇಲ್ಲದೆ ಕಾರು ನಿಂತ ಅಷ್ಟೂ ದಿನ ಪಕ್ಕದ ಮನೆಯವರು "ನಾ ಅವಾಗೇ ಹೇಳಿದ್ದೆ" ಅನ್ನುತ್ತಿದ್ದರು. ಅವರು ಯಾವತ್ತೂ ಏನೂ ಹೇಳಿರಲಿಲ್ಲ. ಗಾಜಿಗಿಂತ ಇದು ಜಾಸ್ತಿ ಉರಿಯಿತು.

ಚೌಬಾರಾ ಪರ್ಕಿನ್ಸ್

ಕಾಂಟೆಸ್ಸಾನ ದೊಡ್ಡ ಕಾರು ಅಂತೀರಲ್ಲ, ನಮ್ಮ ಬೀದರ್‌ಗೆ ಬನ್ನಿ. ನಮ್ಮ ಮನೆಯದು ಡಾಡ್ಜ್ ಕಿಂಗ್ಸ್‌ವೇ, 1955. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಿಸಿದ ಗಾಡಿ. ನಮ್ಮ ಮುತ್ಯಾ ಅದನ್ನು ಹೈದರಾಬಾದಿನ ಒಬ್ಬ ಗುತ್ತಿಗೆದಾರನಿಂದ ತಂದರು. ಪೆಟ್ರೋಲ್ ಎಂಜಿನ್ ತೆಗೆಸಿ ಪರ್ಕಿನ್ಸ್ ಪಿ4 ಡೀಸೆಲ್ ಕೂರಿಸಿದವರೂ ಅವರೇ. ಈಗಲೂ ಒಂದೇ ಸೆಲ್ಫ್‌ಗೆ ಏಳುತ್ತದೆ.

ಜನ ಏನಂತಾರೆ ಗೊತ್ತಾ? ಭಾಲ್ಕಿ ತಾಲೂಕಿನಲ್ಲಿ ಯಾವ ಹಳ್ಳಿಗೆ ಹೋದರೂ ಒಬ್ಬರು ಬಾನೆಟ್ ಮೇಲೆ ಕೈ ಇಟ್ಟು "ನಮ್ಮವ್ವನ ಹೆರಿಗಿಗಿ ಇದರಾಗೇ ಬೀದರ್ ದವಾಖಾನಿಗೆ ಒಯ್ದಿದ್ರು" ಅಂತಾರೆ. ಅವರೆಲ್ಲ ಹೇಳುವುದು ನಿಜವಾಗಿದ್ದರೆ ನಮ್ಮ ಮುತ್ಯಾಗೆ ಹೊಲ ನೋಡಲು ಪುರುಸೊತ್ತೇ ಇರುತ್ತಿರಲಿಲ್ಲ. ಆದರೂ ನಾನು ಯಾರಿಗೂ ಇಲ್ಲ ಅನ್ನುವುದಿಲ್ಲ. ಚಹಾ ಕುಡಿಸುತ್ತಾರೆ, ಕೆಲವರು ಕಣ್ಣೀರು ಹಾಕುತ್ತಾರೆ.

ಹೊರಗಿನವರ ಕಾಟ ಇಲ್ಲ. ಕಾಟ ಇರುವುದು ಮನೆಯವರದು. ಹತ್ತು ವರ್ಷ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಬಿದ್ದಿತ್ತು, ಒಬ್ಬರೂ ಕೇಳಲಿಲ್ಲ. ನಾನು ಎಬ್ಬಿಸಿದೆ. ಡೆಂಟಿಂಗ್ ಪೇಂಟಿಂಗ್ 1,40,000. ಕೆಳಗಿನ ತಗಡು ಪೂರಾ ಹೊಸದು, 38,000. ಸೀಟು, ರೂಫ್ ಬಟ್ಟೆ 46,000. ಬ್ರೇಕ್ ಸಿಲಿಂಡರ್‌ಗೆ ಸ್ಲೀವ್ ಹಾಕಿಸಿದ್ದು 11,000. ಕ್ರೋಮ್ ಹೈದರಾಬಾದಿನಲ್ಲಿ 52,000, ಅದೂ ಎರಡು ಸಲ, ಮೊದಲ ಸಲದ್ದು ಆರು ತಿಂಗಳಿಗೇ ಉದುರಿತು. ಬಾಗಿಲ ರಬ್ಬರ್, ವೈರಿಂಗ್, ಟೈರು ಬಿಟ್ಟೇ ಹೇಳುತ್ತಿದ್ದೇನೆ. ಗಾಡಿ ಹೊಳೆಯುತ್ತಾ ಅಂಗಳಕ್ಕೆ ಬಂದ ದಿನ ನಮ್ಮ ಸಣ್ಣ ಕಾಕಾ ಬಂದರು. "ಹೊಲ ಪಾಲಾಯ್ತು, ಕಾರ್ ಯಾವಾಗ ಪಾಲು ಮಾಡೋದಪಾ?" ಅಂದರು! ಪಂಚಾಯ್ತಿ ಕೂತಿತು. ಕೊನೆಗೆ ನಾಲ್ಕು ಹಬ್‌ಕ್ಯಾಪ್ ಬಿಚ್ಚಿಕೊಂಡು ಹೋದರು. ಈಗ ಅವು ಅವರ ಮನೆ ಶೋಕೇಸ್‌ನಲ್ಲಿವೆ. ದೀಪಾವಳಿಗೆ ಅವಕ್ಕೂ ಕುಂಕುಮ ಹಚ್ಚುತ್ತಾರೆ.

ಮೂಲ ರೂಪ

ಕ್ಷಮಿಸಿ, ಪರ್ಕಿನ್ಸ್ ಹಾಕಿದ ಡಾಡ್ಜ್ ಕ್ಲಾಸಿಕ್ ಅಲ್ಲ. 2021ರ ಕೇಂದ್ರದ ನಿಯಮ ಓದಿ. ವಿಂಟೇಜ್ ನೋಂದಣಿಗೆ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಶುಲ್ಕ 20,000, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತದೆ. ನಿಮ್ಮ ಗಾಡಿ ಆ ಸಮಿತಿಯ ಮುಂದೆ ಐದು ನಿಮಿಷ ನಿಲ್ಲುವುದಿಲ್ಲ.

ನನ್ನ ಕಾರಿಗೆ ಮೂಲ ಎಂಜಿನ್, ಮೂಲ ಕಾರ್ಬ್ಯುರೇಟರ್, ಮೂಲ 6 ವೋಲ್ಟ್ ವೈರಿಂಗ್. ಅದಕ್ಕೇ ಗೊತ್ತಿರುವವರು ಗೌರವ ಕೊಡುತ್ತಾರೆ.

ಚೌಬಾರಾ ಪರ್ಕಿನ್ಸ್

ಆ ಪ್ಲೇಟು ನಿಮಗೇ ಇರಲಿ. ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾಕೆ ಬಿಟ್ಟಿರಿ? ವಿಂಟೇಜ್ ನೋಂದಣಿಯಾದ ಗಾಡಿಯನ್ನು ದಿನದ ಓಡಾಟಕ್ಕೆ ರಸ್ತೆಗೆ ತರುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಅಷ್ಟೇ. ನಾನು ಈ ಕಾರಿನಲ್ಲಿ ಭಾಲ್ಕಿ ಸಂತೆಗೆ ಹೋಗಿ ಕಾಯಿಪಲ್ಲೆ ತರುತ್ತೇನೆ ಸಾಹೇಬ್ರೆ.

1973ರಲ್ಲಿ ಎಣ್ಣೆ ಬೆಲೆ ಏರಿದಾಗ ಈ ಭಾಗದ ದೊಡ್ಡ ಅಮೆರಿಕನ್ ಕಾರುಗಳ ಗತಿ ಏನಾಯಿತು ಗೊತ್ತಾ? ಪೆಟ್ರೋಲ್ ಹಾಕಲಾಗದೆ ಅಂಗಳದಲ್ಲೇ ಕೊಳೆತವು. ಉಳಿದವು ಡೀಸೆಲ್ ಹಾಕಿಸಿಕೊಂಡವು. ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಇಲ್ಲದಿದ್ದರೆ ನೀವು ಪುಸ್ತಕದಲ್ಲಿ ಮಾತ್ರ ಡಾಡ್ಜ್ ನೋಡುತ್ತಿದ್ದಿರಿ. ನಿಮ್ಮ 6 ವೋಲ್ಟ್ ಗಾಡಿ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಅದನ್ನು ಮೊದಲು ಹೇಳಿ.

ಮೂಲ ರೂಪ

ಓಡಿಸುವುದು ಬೇರೆ, ಕಾಪಾಡುವುದು ಬೇರೆ.

ಶಹಾಪುರ ಅಂಬಾಸಿಡರ್

ಇಬ್ಬರೂ ಸ್ವಲ್ಪ ನಿಲ್ಲಿಸಿ. ಇಲ್ಲಿ ಹೆಣ್ಣುಮಕ್ಕಳ ಅನುಭವ ಯಾರೂ ಹೇಳಿಲ್ಲ.

ನಾನು ಯಾದಗಿರಿ ಜಿಲ್ಲೆಯಲ್ಲಿ ಹೈಸ್ಕೂಲ್ ಶಿಕ್ಷಕಿ. ನಮ್ಮ ಅಪ್ಪಾಜಿಯ ಅಂಬಾಸಿಡರ್ ಮಾರ್ಕ್ 4, 1986, ಬಿಳಿ. 1489 ಸಿಸಿ ಪೆಟ್ರೋಲ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಪವರ್ ಸ್ಟೇರಿಂಗ್ ಎಂಬ ಮಾತೇ ಇಲ್ಲ. ನಿಂತಲ್ಲೇ ತಿರುಗಿಸಿದರೆ ಭುಜ ನೋವು ಬರುತ್ತದೆ. ಹೀಗಿದ್ದೂ ಶಾಲೆಗೆ ಇದರಲ್ಲೇ ಹೋಗುತ್ತೇನೆ.

ದೂರದಿಂದ ಬಿಳಿ ಅಂಬಾಸಿಡರ್ ಕಂಡರೆ ಕಾನ್‌ಸ್ಟೇಬಲ್ ಸೆಟೆದು ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ಹತ್ತಿರ ಬಂದಾಗ ಸ್ಟೇರಿಂಗ್ ಹಿಂದೆ ಸೀರೆ ಕಾಣುತ್ತದೆ. ಆಗ ಅದೇ ಕೈಯಲ್ಲಿ ಗಾಡಿ ನಿಲ್ಲಿಸಿ ಲೈಸೆನ್ಸ್ ಕೇಳುತ್ತಾರೆ. "ಡ್ರೈವರ್ ಇಲ್ಲೇನ್ರಿ ಮೇಡಮ್ಮಾರ?" ಅನ್ನುವವರಿಗೆ ಲೆಕ್ಕವಿಲ್ಲ. ಒಮ್ಮೆ ಶಹಾಪುರ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ರೈತರು ಕಿಟಕಿಯಿಂದ ಅರ್ಜಿ ಕೊಟ್ಟರು, ತೊಗರಿ ಬೆಳೆ ವಿಮೆ ಬಂದಿಲ್ಲ ಅಂತ. ನಾನು ಅಧಿಕಾರಿ ಅಲ್ಲ ಅಂದರೂ ನಂಬಲಿಲ್ಲ. "ಇರ್ಲಿ ತಾಯಿ, ಇಂಥಾ ಗಾಡ್ಯಾಗ ಬಂದೀರಿ, ನಿಮ್ಮ ಮಾತು ನಡೀತದ" ಅಂದರು. ಆ ಅರ್ಜಿಯನ್ನು ತಹಸೀಲ್ ಕಚೇರಿಗೆ ಒಯ್ದು ಶಿಕ್ಕಾ ಹಾಕಿಸಿ ನಕಲು ಅವರ ಕೈಗೆ ಕೊಟ್ಟೆ. ಈಗ ಆ ಊರಿನವರು ಗಾಡಿ ಕಂಡರೆ ಎದ್ದು ಬರುತ್ತಾರೆ. ಕಾರು ಅಂಥದ್ದು, ನಾನೇನು ಮಾಡಲಿ!

ಸಿಟ್ಟು ಬರುವುದು ಗ್ಯಾರೇಜಿನಲ್ಲಿ. ತೊಂದರೆ ನಾನು ಹೇಳುತ್ತೇನೆ, ಮಿಸ್ತ್ರಿ ಉತ್ತರ ಕೊಡುವುದು ನಮ್ಮ ಮನೆಯವರಿಗೆ. ನಮ್ಮವರಿಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಬರುವುದಿಲ್ಲ. ಈಗಿನ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ತಡೆಯುವುದಿಲ್ಲ, ಮೆತ್ತಗಾಗಿ ಬೆವರುತ್ತದೆ, ಕಾರಿನೊಳಗೆ ವಾಸನೆ. ನಾನು ಇದನ್ನೇ ಹೇಳಿದೆ. "ಮೇಡಮ್ಮಾರಿಗೆ ಮೂಗು ಸೂಕ್ಷ್ಮ ಅದ ಸಾಹೇಬ್ರ" ಅಂತ ನಮ್ಮವರಿಗೆ ಹೇಳಿ ನಕ್ಕ. ಮರುವಾರ ಪೈಪು ಸೀಳಿತು. ಪೈಪು 900, ಕಾರ್ಬ್ಯುರೇಟರ್ ಕಿಟ್ 1,800, ಪೆಟ್ರೋಲ್ ಪಂಪಿನ ಡಯಾಫ್ರಾಮ್ 650. ಈಗ ಪಾನಾ ಸೆಟ್ ನಾನೇ ತಂದಿದ್ದೇನೆ, 3,400. ಪ್ಲಗ್, ಪಾಯಿಂಟ್, ಪೈಪು ನನ್ನ ಕೈಯಲ್ಲೇ.

ಬರಾತ್ ಬುಕಿಂಗ್

ಇಷ್ಟೆಲ್ಲಾ ಅಳೋದ್ಯಾಕೆ? ಗಾಡಿನ ದುಡಿಸಿ. ನಂದೂ ಕಾಂಟೆಸ್ಸಾ, ಮೆರೂನ್. ಮದುವೆ ಸೀಸನ್‌ನಲ್ಲಿ ಒಂದು ಸಂಜೆಗೆ 8,000, ಹೂವಿನ ಖರ್ಚು ಅವರದೇ. ಮದುಮಗ ಇಳಿಯೋಕೇ ಒಪ್ಪಲ್ಲ. ಜನ ನನ್ನ ಹತ್ತಿರ ಆವರೇಜ್ ಕೇಳಲ್ಲ, ಡೇಟ್ ಕೇಳ್ತಾರೆ.

ಮೂಲ ರೂಪ

ಬಿಳಿ ಪ್ಲೇಟಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಹಳದಿ ಬೋರ್ಡ್, ಪರ್ಮಿಟ್ ಬೇಕು. ಅಪಘಾತವಾದರೆ ವಿಮೆಯವರು ತಿರುಗಿಯೂ ನೋಡುವುದಿಲ್ಲ.

ಬರಾತ್ ಬುಕಿಂಗ್

ಬಾಡಿಗೆ ಅಂತ ಯಾರಂದರು? ಮನೆ ಮಂದಿ ಪ್ರೀತಿಯಿಂದ ಕೊಡ್ತಾರೆ.

ಶಹಾಪುರ ಅಂಬಾಸಿಡರ್

8,000 ಅಂತ ರೇಟು ಗೊತ್ತು ಮಾಡಿದ ಪ್ರೀತಿ!

ಬ್ರಹ್ಮಪುರ 1817

ಈ ಬರಾತ್ ಸಾಹೇಬರಂಥವರಿಂದಲೇ ನಮಗೆ ಕಷ್ಟ. ಊರಲ್ಲಿ ಒಂದು ಕಾಂಟೆಸ್ಸಾ ಮದುವೆಗೆ ಬಂತು ಅಂದರೆ ನಮ್ಮ ಬಂಧು ಬಳಗವೆಲ್ಲ "ನಮ್ಮನೇಲೇ ಅದ ಅಲ್ಲ" ಅಂತ ಬಾಗಿಲಿಗೆ ಬರುತ್ತಾರೆ. ಪುಕ್ಕಟೆ. ಕೊಡದಿದ್ದರೆ ಮುಖ ತಿರುಗಿಸುತ್ತಾರೆ, ಕೊಟ್ಟರೆ ಗಾಡಿ ಹಾಳು. ಹೆಂಡತಿಯ ದೊಡ್ಡಮ್ಮನ ಮಗನ ಮದುವೆಗೆ ಕೊಟ್ಟೆ. ಹೂವಿನವನು ಬಾನೆಟ್ ಮೇಲೆ ಪ್ಯಾಕಿಂಗ್ ಟೇಪ್ ಬಡಿದು ಹಾರ ನಿಲ್ಲಿಸಿದ. ಬೆಳಿಗ್ಗೆ ಟೇಪ್ ಕಿತ್ತಾಗ ಬಣ್ಣ ಜೊತೆಗೇ ಬಂತು. ಬಾನೆಟ್ ಬಣ್ಣ 22,000. ಇವತ್ತಿಗೂ ಉಳಿದ ನೀಲಿಗೂ ಬಾನೆಟ್ ನೀಲಿಗೂ ಹೊಂದಿಕೆ ಇಲ್ಲ. ದೊಡ್ಡಮ್ಮ ಏನಂದರು ಗೊತ್ತಾ? "ಹಳೀ ಗಾಡಿ ಅಲ್ಲಪಾ, ಉದುರೇ ಉದುರ್ತದ."

ಸೇಡಂ ರಸ್ತೆ

ಎಲ್ಲರಿಗೂ ಧನ್ಯವಾದ. ಆದರೆ ಬಾಡಿಗೆ ಮನೆ, 14 ಅಡಿ ಗಲ್ಲಿ, ಬ್ಯಾಂಕಿನವರು... ಇದರ ಬಗ್ಗೆ ಯಾರಾದರೂ?

ಬ್ರಹ್ಮಪುರ 1817

ಕಾಂಟೆಸ್ಸಾ ಉದ್ದ ನಾಲ್ಕೂವರೆ ಮೀಟರ್ ಮೇಲೆ. ಗಲ್ಲಿಯಲ್ಲಿ ನೇರ ನಿಲ್ಲುತ್ತದೆ, ತಿರುಗುವುದಿಲ್ಲ. ಹಿಂದೆ ಹೊರಡಬೇಕು. ಅದಿರಲಿ, ಬಾಗಿಲ ಬೀಡಿಂಗ್ ಪಟ್ಟಿ ನಾಲ್ಕೂ ಮೂಲದ್ದೇನಾ? ನಾನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ.

ಇಂಪಾಲಾ ಕೊಟ್ಟವನು

ಇಟ್ಟವರ ಕಥೆ ಕೇಳಿದಿರಿ, ಮಾರಿದವನದ್ದೂ ಕೇಳಿ.

ನಮ್ಮದು 1964ರ ಷೆವರ್ಲೆ ಇಂಪಾಲಾ. ಐದು ಮೀಟರ್ ದಾಟಿದ ಗಾಡಿ, ಎಡಗಡೆ ಸ್ಟೇರಿಂಗ್. ಸೊಲ್ಲಾಪುರ ಹೆದ್ದಾರಿಯ ಟೋಲ್‌ನಲ್ಲಿ ಪಕ್ಕದಲ್ಲಿ ಕೂತವರೇ ದುಡ್ಡು ಕೊಡಬೇಕಿತ್ತು. ಒಬ್ಬನೇ ಹೋದರೆ ಇಳಿದು ಸುತ್ತಿ ಬರಬೇಕಿತ್ತು, ಹಿಂದಿನ ಲಾರಿಯವನು ಹಾರ್ನ್ ಬಾರಿಸುತ್ತಿದ್ದ. ಮೂಲ ವಿ8 ಎಂಜಿನ್ ಹಿಂದಿನವರೇ ತೆಗೆಸಿ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಹಾಕಿಸಿದ್ದರು. ಜನ ಇಂಪಾಲಾ ಬಂತು ಅಂತ ಓಡಿ ಬರುತ್ತಿದ್ದರು. ಹತ್ತಿರ ಬಂದಾಗ ಕಿವಿಗೆ ಬೀಳುವುದು ಟೆಂಪೋ ಸದ್ದು. ಅವರ ಮುಖ ಬದಲಾಗುವುದನ್ನು ನೋಡಬೇಕಿತ್ತು! ಜಗತ್ ಸರ್ಕಲ್‌ನಲ್ಲಿ ಒಬ್ಬ ಹುಡುಗ ಕೈ ಮಾಡಿ "ಆಳಂದ ಹೊಂಟೀರೇನ್ರಿ?" ಅಂದ.

ಮಗಳ ಸಂಬಂಧ ನೋಡುವ ಹೊತ್ತು ಅದು. ಗಂಡಿನ ಕಡೆಯವರು ಅಂಗಳದಲ್ಲಿ ಕಾರು ನೋಡಿ ಒಳಗೆ ಬರುವಷ್ಟರಲ್ಲಿ ಅವರ ಅಪೇಕ್ಷೆ ಎರಡು ಪಟ್ಟು. ನಾವು ಕಿರಾಣಿ ಅಂಗಡಿಯವರು. ಕಾರು ನನ್ನ ಅಪ್ಪ ಹರಾಜಿನಲ್ಲಿ ಹಿಡಿದದ್ದು, ಅಂಗಡಿಯ ಆದಾಯದ್ದಲ್ಲ. ಎಷ್ಟು ಬಿಡಿಸಿ ಹೇಳಿದರೂ ನಗುತ್ತಿದ್ದರು. 2022ರ ಏಪ್ರಿಲ್‌ನಿಂದ ವಿದೇಶಿ ಕಾರಿನ ಆರ್‌ಸಿ ನವೀಕರಣ ಶುಲ್ಕ 40,000 ಆಯಿತು. ಆಗ ಕೊಟ್ಟುಬಿಟ್ಟೆ. ಈಗ 20 ವರ್ಷ ದಾಟಿದ ವಿದೇಶಿ ಕಾರಿಗೆ 80,000, ನಿಮ್ಮ ಕಾಂಟೆಸ್ಸಾದಂಥ ದೇಶಿ ಕಾರಿಗೆ 10,000. 2025ರ ಆಗಸ್ಟ್‌ನ ಆದೇಶ.

ಕೊಟ್ಟ ಮೇಲೆ ಸುಮ್ಮನಿದ್ದರೇನು? "ಯಾಕ್ರಿ ಮಾರಿದ್ರಿ, ಧಂದಾ ನಡೀಲಿಲ್ಲೇನು?" ಶುರುವಾಯಿತು. ಕಾರು ಇದ್ದಾಗ ಅಂಗಡಿಗೆ ಉದ್ರಿ ಕೇಳುತ್ತಿದ್ದವರು, ಕಾರು ಹೋದ ಮೇಲೆ ನನಗೇ ಉದ್ರಿ ಕೊಡಲು ಹಿಂದೆಮುಂದೆ ನೋಡಿದರು. ಸಗಟು ವ್ಯಾಪಾರಿಯೊಬ್ಬರು ಹಳೇ ಬಾಕಿ ಇಡಿಯಾಗಿ ಒಂದೇ ಸಲ ಕೇಳಿದರು, 2,10,000. ಅದೇ ವಾರ. ಇದನ್ನು ಯಾರೂ ನಿಮಗೆ ಮೊದಲೇ ಹೇಳುವುದಿಲ್ಲ.

ಮೂಲ ರೂಪ

50 ವರ್ಷ ದಾಟಿದ ಗಾಡಿ. ವಿಂಟೇಜ್ ಮಾಡಿಸಿದ್ದರೆ 20,000ಕ್ಕೆ ಮುಗಿಯುತ್ತಿತ್ತು. ಸುಮ್ನೆ ಕೊಟ್ಟಿರಿ.

ಇಂಪಾಲಾ ಕೊಟ್ಟವನು

ಮ್ಯಾಟಡೋರ್ ಎಂಜಿನ್ ಅಂತ ಬರೆದಿದ್ದೇನೆ. ಓದಲು ಬರುತ್ತದಾ?

ಚೌಬಾರಾ ಪರ್ಕಿನ್ಸ್

ಅವರು ಓದುವುದು ನಿಯಮ ಮಾತ್ರ.

ಗಂಜ್ ಗಾಳಿಸುದ್ದಿ

15 ವರ್ಷ ದಾಟಿದ ಗಾಡಿ ಎಲ್ಲಾ ಬ್ಯಾನ್ ಆಗಿದೆ ಅಲ್ವಾ? ಗುಜರಿಗೆ ಹಾಕಬೇಕಂತೆ. ಯಾಕೆ ತಗೋತೀರಿ ಸುಮ್ನೆ.

ಶಹಾಪುರ ಅಂಬಾಸಿಡರ್

ಅದು ದೆಹಲಿ ಸುತ್ತಮುತ್ತಲಿನ ಮಾತು ಅಣ್ಣಾ. ನಮ್ಮಲ್ಲಿ 15 ವರ್ಷ ಆದ ಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು, ಅಷ್ಟೇ. ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಮಾತು ದಿನಾ ಹೇಳಿ ಸಾಕಾಗಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಕಾಂಟೆಸ್ಸಾ 2002ರಲ್ಲಿ. ಕಂಪನಿ ನಿಲ್ಲಿಸಿದ್ದಕ್ಕೆ ನನ್ನ ಗಾಡಿಯೂ ನಿಲ್ಲಬೇಕಾ?

ಬರಾತ್ ಬುಕಿಂಗ್

ಶಹಾಬಾದ್ ಬಿಳಿ ಕಾಂಟೆಸ್ಸಾ ಅಂದರೆ ಸ್ಟೇಷನ್ ಕಡೆ ಶೆಡ್‌ನಲ್ಲಿರೋದಾ? ನಾನೂ ನೋಡಿ ಬಂದಿದ್ದೆ. ಮುದುಕರು ಮದುವೆ ಗಾಡಿ ಮಾಡ್ತೀ ಅಂತ ನನಗೆ ಕೊಡಲಿಲ್ಲ. ನೀವು ತಗೊಂಡು ನನಗೆ ಕೊಡ್ತೀರಾ? ಮೇಲೆ 40,000 ಕೊಡ್ತೇನೆ. ಮನೆಯವರೂ ಸುಮ್ಮನಾಗ್ತಾರೆ, ಗಲ್ಲಿ ಚಿಂತೆನೂ ಇಲ್ಲ.

ಬ್ರಹ್ಮಪುರ 1817

ಕೊಡಬೇಡಿ. ಆ ಬೀಡಿಂಗ್ ಮೇಲೆ ಟೇಪ್ ಬಡಿಯುತ್ತಾನೆ.

ಸೇಡಂ ರಸ್ತೆ

ನಿನ್ನೆ ಅಡ್ವಾನ್ಸ್ ಕೊಟ್ಟೆ. ಮಾರುವುದಿಲ್ಲ. ಬ್ಯಾಂಕಿನಲ್ಲಿ ಫೋಟೋ ತೋರಿಸಿದೆ. ಮ್ಯಾನೇಜರ್ ಸಾಹೇಬರು ಕೇಳಿದ್ದು ಒಂದೇ, ಆವರೇಜ್ ಎಷ್ಟು ಅಂತ.

ಚೌಬಾರಾ ಪರ್ಕಿನ್ಸ್

ಒಳ್ಳೇದಾಯಿತು. ರೇಡಿಯೇಟರ್ ಕೆಲಸ ಮಾತ್ರ ಕಲಬುರಗಿಯಲ್ಲಿ ಮಾಡಿಸಬೇಡಿ, ಬಸವಕಲ್ಯಾಣಕ್ಕೆ ತನ್ನಿ.

ಬ್ರಹ್ಮಪುರ 1817

ಯಾಕೆ, ಕಲಬುರಗಿ ಮಿಸ್ತ್ರಿಗಳಿಗೆ ಕೈ ಇಲ್ಲವಾ? ನಿಮ್ಮ ಕಡೆ ಕ್ರೋಮ್ ಆರು ತಿಂಗಳಿಗೆ ಉದುರಿದ್ದು ನಾವೂ ಓದಿದ್ದೇವೆ.

ಚೌಬಾರಾ ಪರ್ಕಿನ್ಸ್

ಕ್ರೋಮ್ ಮಾಡಿಸಿದ್ದು ಹೈದರಾಬಾದಿನಲ್ಲಿ. ಎಲ್ಲರೂ ಅರ್ಧ ಓದಿ ಮಾತಾಡ್ತೀರಪಾ.